ಸಾಬವ್ವನ ಕೈ

ಬೆಳಿಗ್ಗೆ ಜಗದೇವನಿಗೆ ಎಚ್ಚರವಾದದ್ದು ರೊಟ್ಟಿ ಬಡಿಯುವ ಸದ್ದಿಗೆ. ಪರಾತದ ಮೇಲೆ ಅವ್ವನ ಅಂಗೈ ಒಂದೇ ತಾಳದಲ್ಲಿ ಬೀಳುತ್ತಿತ್ತು, ಆ ತಾಳದ ನಡುನಡುವೆ ಶಾಪ. "ನನ್ನ ಮಗನ ಅನ್ನದಾಗ ಮದ್ದು ಕೂಡಿಸಿದವರ ಕೈಗಿ ಹುಳಾ ಬೀಳ್ಲಿ. ಆ ಕೈ ಸೇದಿ ಹೋಗ್ಲಿ. ಬಾಯಿಗಿ ನೀರ ಎತ್ತಿಕೊಳ್ಳಾಕ ಬರದಂಗ ಆಗ್ಲಿ." ದಿನಾ ಬೆಳಿಗ್ಗೆ ಇದೇ. ಮೊದಲ ರೊಟ್ಟಿಯಿಂದ ಹಿಡಿದು ಒಲೆ ಆರುವ ತನಕ ಅವ್ವ ಶಾಪದ ಮೇಲೆ ಶಾಪ ಹಾಕುತ್ತಾಳೆ, ಊರು ಕೇಳಲಿ ಎಂದೇ ಬಾಗಿಲು ತೆರೆದಿಟ್ಟು ಹಾಕುತ್ತಾಳೆ. ಅವನು ಕಣ್ಣು ತೆರೆಯದೆ ಹೊದಿಕೆಯೊಳಗೆ ಬಲ ಮೊಣಕಾಲನ್ನು ಮಡಚಿ ನೋಡಿದ. ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರ್ರೆಂದಿತು. ಮದ್ದು ಕೂಡಿಸಿದ ಕೈ ಯಾವುದೆಂದು ಲೋಕದಲ್ಲಿ ಅವನಿಗೆ ಮತ್ತು ಅವನ ವಕೀಲೆಗೆ ಮಾತ್ರ ಗೊತ್ತಿತ್ತು. ಆ ಕೈ ಈಗ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿತ್ತು.

ಗೋಡೆಯ ಮೇಲೆ ಬಾಬಾಸಾಹೇಬರ ಚಿತ್ರ, ಪಕ್ಕದಲ್ಲಿ ಬುದ್ಧನ ಚಿತ್ರ, ಎರಡರ ನಡುವೆ ಒಂದು ಬರೀ ಮೊಳೆ. ಕಳೆದ ಚಳಿಗಾಲದಲ್ಲಿ ಆ ಮೊಳೆಗೆ ಚಾಂಪಿಯನ್ನನ ಸೊಂಟಪಟ್ಟಿ ತೂಗುತ್ತಿತ್ತು, ಅಂಗೈ ಅಗಲದ ಹಿತ್ತಾಳೆ ಬಿಲ್ಲೆಯದು. ಮುಂಬಯಿಯ ಪಂಜರದೊಳಗೆ, ನಾಲ್ಕೂ ಕಡೆ ಜಾಲರಿ, ಮೇಲೆ ಕಣ್ಣು ಕುಕ್ಕುವ ದೀಪ, ಒದೆತ, ಗುದ್ದು, ಹಿಡಿತ ಎಲ್ಲವೂ ನಡೆಯುವ ಆ ಮಿಶ್ರ ಕಾಳಗದಲ್ಲಿ ಅವನು ಹರಿಯಾಣದವನೊಬ್ಬನ ಕುತ್ತಿಗೆಗೆ ತೋಳು ಸುತ್ತಿ ಗೆದ್ದದ್ದು. ಕೊಳಕೂರಿನ ಹುಡುಗ ಎಂದರೆ ಯಾವ ಕೊಳಕೂರು ಎಂದು ಕೇಳುತ್ತಿದ್ದ ಮಂದಿ ಆಮೇಲೆ ತಾವೇ ಹೇಳತೊಡಗಿದರು, ಜೇವರ್ಗಿ ತಾಲೂಕು, ಭೀಮಾ ನದಿ ಕಡೆ. ಟಿವಿಯವರು 'ಭೀಮೆಯ ಹುಲಿ' ಎಂದರು. ಜೇವರ್ಗಿಯಿಂದ ತೆರೆದ ಜೀಪಿನಲ್ಲಿ ಮೆರವಣಿಗೆ, ಹಲಗೆಯ ಬಡಿತ, ಗುಲಾಲು. ಚಾವಡಿಯ ಕಟ್ಟೆಯ ಮೇಲೆ ತಂದೆ ಹುಲೆಪ್ಪನನ್ನು ಜೀವಮಾನದಲ್ಲಿ ಒಮ್ಮೆಯೂ ಕೂಡಿಸದವರು ಮಗನನ್ನು ಅದೇ ಕಟ್ಟೆಯ ಮೇಲೆ ನಿಲ್ಲಿಸಿ ಶಾಲು ಹೊದಿಸಿದರು. ಹುಲೆಪ್ಪ ಅಷ್ಟರಲ್ಲಿ ಸತ್ತಿದ್ದ, ನೋಡುವುದು ತಪ್ಪಿತು ಎಂದು ಆಗ ದುಃಖವಾಗಿತ್ತು. ಈಗ ಅನ್ನಿಸುತ್ತದೆ, ಪುಣ್ಯವಂತ. ಮೂತ್ರ ಪರೀಕ್ಷೆಯಲ್ಲಿ ಸ್ಟೆರಾಯ್ಡ್ ಸಿಕ್ಕಿತೆಂದು ಸುದ್ದಿ ಬಂದ ಮರುದಿನವೇ ಮೆರವಣಿಗೆಯ ಫ್ಲೆಕ್ಸುಗಳು ಮಾಯವಾದವು. ಒಂದು ಮಾತ್ರ ಹಿಂದಿನ ಓಣಿಯಲ್ಲಿ ಉಳಿದಿದೆ. ಯಾರೋ ಅದನ್ನು ಬಚ್ಚಲಿಗೆ ಮರೆ ಕಟ್ಟಿದ್ದಾರೆ, ತಲೆಕೆಳಗಾಗಿ. ದಿನಾ ಅತ್ತ ಹೋಗುವಾಗ ತನ್ನ ಮುಖವೇ ತನ್ನ ಕಡೆ ಮುಷ್ಟಿ ಬಿಗಿದು ನೋಡುತ್ತದೆ, ಗಡ್ಡ ಮೇಲೆ, ಕಿರೀಟ ಕೆಳಗೆ.

ಬೇಕೆಂದು ತಿಂದದ್ದಲ್ಲ ಎಂದರೆ ಮಂದಿ ನಂಬಬಹುದಿತ್ತು. ನಂಬದ ಹಾಗೆ ಮಾಡಿಕೊಂಡವನು ತಾನೇ. ಬಾಯಿ ಸುಮ್ಮನಿರಲಿಲ್ಲ. ಗೆಲ್ಲುತ್ತಾ ಹೋದ ಹಾಗೆಲ್ಲ ಬಾಯಿ ದೊಡ್ಡದಾಯಿತು. ಗಂಟೆ ಹೊಡೆದ ಮೇಲೂ ಒಬ್ಬನ ದವಡೆಗೆ ಗುದ್ದಿ, ಕಿವಿಗೆ ಕೇಳಿಸಲಿಲ್ಲ ಎಂದ. ಪಾನ್ ಮಸಾಲೆಯವರ ಜಾಹೀರಾತಿನಲ್ಲಿ ಮೀಸೆ ತಿರುವಿ, ಕೇಳಿದ ವರದಿಗಾರನಿಗೆ ನಿಮ್ಮಪ್ಪ ತಿನ್ನೋದಿಲ್ಲೇನು ಎಂದ. ಎಲ್ಲಕ್ಕಿಂತ ದೊಡ್ಡದು ಆ ಒಂದು ಮಾತು. ಬೇರೊಬ್ಬ ಹುಡುಗ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಾಗ, ಕ್ಯಾಮೆರಾ ಮುಂದೆ ಎದೆ ತಟ್ಟಿ ಹೇಳಿದ್ದ: "ತಾಯಿ ಹಾಲು ಕುಡಿದವ ಮದ್ದು ತಿನ್ನೂದಿಲ್ಲ. ನಮ್ಮವ್ವನ ಕೈಯಾಗಿನ ಅಂಟಿನ ಉಂಡಿ ತಿಂದು ಬಂದವ ನಾ." ಎಷ್ಟು ಚಪ್ಪಾಳೆ! ಈಗ ಅದೇ ತುಣುಕಿಗೆ ಹಾಸ್ಯದ ವಾದ್ಯ ಕೂಡಿಸಿ ಮೊಬೈಲಿನಿಂದ ಮೊಬೈಲಿಗೆ ದಾಟಿಸುತ್ತಾರೆ. ಆ ಹುಡುಗನ ಹೆಸರು ಕೂಡ ಅವನಿಗೆ ನೆನಪಿಲ್ಲ. ಅವನ ತಾಯಿಗೆ ಹೇಗಾಗಿರಬೇಡ ಎಂದು ಆಗ ಹೊಳೆದಿರಲಿಲ್ಲ.

"ಏಳೋ ಯಪ್ಪಾ, ಬಿಸಿ ರೊಟ್ಟಿ ಆರಾಕತ್ತಾವ," ಅವ್ವ ಕೂಗಿದಳು, ಶಾಪ ಹಾಕುತ್ತಿದ್ದ ಅದೇ ಬಾಯಲ್ಲಿ. ಎದ್ದು ಮುಖ ತೊಳೆದು ಅವಳೆದುರು ಕೂತ. ಇವತ್ತು ಹೇಳಲೇಬೇಕು. ಸಂಜೆ ನಾಲ್ಕಕ್ಕೆ ವಿಚಾರಣೆ, ಮೊಬೈಲಿನಲ್ಲೇ. ದೆಹಲಿಯಲ್ಲಿ ಕೂತ ಮೂವರು ಕೇಳುತ್ತಾರೆ, ಕಲಬುರಗಿಯಿಂದ ವಕೀಲೆ ವಿದ್ಯಾವತಿ ಮಾತಾಡುತ್ತಾಳೆ. ಗೊತ್ತಿಲ್ಲದೆ ಹೊಟ್ಟೆ ಸೇರಿದ್ದು ಎಂದು ಸಾಬೀತಾದರೆ ಶಿಕ್ಷೆ ಕೆಲವು ತಿಂಗಳಲ್ಲಿ ಮುಗಿಯುತ್ತದೆ. ಇಲ್ಲದಿದ್ದರೆ ನಾಲ್ಕು ವರ್ಷ ಪಂಜರದ ಹೊರಗೆ, ಅಂದರೆ ಈ ವಯಸ್ಸಿನಲ್ಲಿ ಈ ಮೊಣಕಾಲಿಗೆ ಕಾಯಂ ಹೊರಗೆ. ವಿದ್ಯಾವತಿ ಪುಡಿಯ ಪೊಟ್ಟಣವನ್ನು ಪರೀಕ್ಷೆ ಮಾಡಿಸಿ ಕೈಯಲ್ಲಿಟ್ಟುಕೊಂಡಿದ್ದಾಳೆ. ಆದರೆ ಅವ್ವ ಎದುರಿಗೆ ಬಂದು ಹೌದು, ನಾನೇ ಕೂಡಿಸಿದೆ ಎನ್ನದೆ ಹೋದರೆ ಆ ಪೊಟ್ಟಣ ಬರೀ ಬೂದಿ. "ಅವ್ವಾ," ಎಂದ. "ಏನೋ?" ಅವಳು ರೊಟ್ಟಿಯ ಮೇಲೆ ಬೆಣ್ಣೆ ಸವರಿ ಮುಂದಿಟ್ಟಳು. ಬೆರಳಿನ ಗೆಣ್ಣುಗಳು ಅರಿಶಿನ ಕೊಂಬಿನ ಹಾಗೆ ಗಂಟು ಗಂಟಾಗಿದ್ದವು. "ಪುಂಡಿಪಲ್ಯ ಹಾಕು," ಎಂದುಬಿಟ್ಟ.

ಅವಳು ಪುಡಿ ಕೂಡಿಸಿದ್ದನ್ನು ಹೇಳಿದ್ದೂ ಇಷ್ಟೇ ಸಲೀಸಾಗಿ, ಇದೇ ಒಲೆಯ ಮುಂದೆ, ಯುಗಾದಿಯ ಆಚೀಚೆ. ಅಷ್ಟರಲ್ಲಿ ಅವನು ತಿಂದ ಪ್ರತಿ ಪ್ರೋಟೀನ್ ಡಬ್ಬಿಯನ್ನೂ ಲ್ಯಾಬಿಗೆ ಕಳಿಸಿ ಸೋತಿದ್ದ, ಜೊತೆಗೆ ತಾಲೀಮು ಮಾಡುತ್ತಿದ್ದವರ ಮೇಲೆಲ್ಲ ಗುಮಾನಿ ಪಟ್ಟು ಒಬ್ಬೊಬ್ಬರ ಸ್ನೇಹವನ್ನೂ ಕಳಕೊಂಡಿದ್ದ. ಅವ್ವ ಕೊಬ್ಬರಿ ತುರಿಯುತ್ತಾ ಅಂದಿದ್ದಳು, ಸೊನ್ನದ ಬ್ಯಾರೇಜು ದಾಟಿ ಒಬ್ಬ ಔಷಧದವ ಇದ್ದಾನೆ, ಮೊಣಕಾಲು ನೋವಿಗೆ ಬಿಳಿ ಪುಡಿ ಕೊಡುತ್ತಾನೆ, ಎರಡು ದಿನದಲ್ಲಿ ಮುದುಕರು ಓಡುತ್ತಾರೆ. "ನೀ ಕಾಲ ಬಾವು ಬರಿಸ್ಕೊಂಡ ಬಂದಿದ್ದೆಲ್ಲ, ಆಗ ಪುಡಿ ಕೊಟ್ರ ಬ್ಯಾಡ ಅಂದಿ. ಸಣ್ಣವ ಇದ್ದಾಗೂ ಹಂಗೇ, ಕಹಿ ಅಂದ್ರ ಮೂತಿ ತಿರುವಾವ. ಅದಕ್ಕ ಉಂಡಿ ಕಟ್ಟೂಮುಂದ ಬೆಲ್ಲದಾಗ ಕೂಡಿಸಿ ಡಬ್ಬಿ ತುಂಬಿ ಕೊಟ್ಟೆ. ಗುಣ ಆಗ್ಲಿಲ್ಲೇನು?" ಹೇಳಿ ನಕ್ಕಳು, ಮಗನಿಗೆ ಮಂಕುಬೂದಿ ಎರಚಿದ ತಾಯಿಯ ಹೆಮ್ಮೆಯ ನಗು. ಮದ್ದು ಎಂದರೆ ಅವಳಿಗೆ ಶಹರದ್ದು, ಸೂಜಿಯದ್ದು, ವೈರಿಗಳು ಹಾಕುವಂಥದ್ದು. ಪುಡಿ ಔಷಧ. ಎರಡೂ ಒಂದೇ ಎಂಬುದು ಅವಳ ತಲೆಯ ಹತ್ತಿರವೂ ಸುಳಿದಿರಲಿಲ್ಲ. ಅವನು ಅವತ್ತು ಹಿತ್ತಲಿಗೆ ಹೋಗಿ ಗೋಡೆಗೆ ಗುದ್ದಿದ. ಒಂದು ಮಾತು ಕೇಳಬಾರದಿತ್ತೇ? ಒಂದೇ ಮಾತು! ಲೋಕವೆಲ್ಲ ಹುಲಿ ಎನ್ನುವವನಿಗೆ ಬೆಲ್ಲದೊಳಗೆ ಔಷಧ ಅಡಗಿಸಿ ತಿನ್ನಿಸುವುದೇ? ಸಿಟ್ಟು ಇಳಿದ ಮೇಲೆ ಅದಕ್ಕಿಂತ ಕೆಟ್ಟದ್ದೊಂದು ಹತ್ತಿತು. ಮುಂಬಯಿಯ ಆ ದಿನ ಮೊಣಕಾಲು ನೋಯಲೇ ಇಲ್ಲವಲ್ಲ. ಹರಿಯಾಣದವನನ್ನು ಎತ್ತುವಾಗ ಕಾಲು ಕಲ್ಲಿನ ಕಂಬದ ಹಾಗೆ ನಿಂತಿತ್ತು. ಗೆದ್ದವನು ತಾನೋ, ಸೊನ್ನದ ಆಚೆಯ ಪುಡಿಯೋ?

ಇವತ್ತು ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟು ಎದ್ದ. ಹೊರಗೆ ಬಿಸಿಲು ಆಗಲೇ ಚುರುಗುಡುತ್ತಿತ್ತು. ಬಸ್ ನಿಲ್ಲುವಲ್ಲಿಯ ಚಹಾದಂಗಡಿಯಲ್ಲಿ ಕೂತದ್ದೇ ಮಾತು ನಿಂತಿತು, ಯಾರೋ ಬಲವಂತವಾಗಿ ಕೆಮ್ಮಿದರು. ದೌಲತರಾಯ ಪತ್ರಿಕೆ ಮಡಚಿ ಅವನ ಕಡೆ ತಿರುಗಿದ. ಮೆರವಣಿಗೆಯ ದಿನ ಜೀಪಿನಲ್ಲಿ ಪಕ್ಕ ನಿಲ್ಲಲು ನೂಕಾಡಿದ್ದ ಮನುಷ್ಯ. "ಏನೋ ಪೈಲ್ವಾನ, ಒಂದು ಮಾತ ಕೇಳಬೇಕಿತ್ತು. ಸಿಟ್ಟಿಗೇಳಬ್ಯಾಡ."

"ಕೇಳ್ರಿ."

"ಆ ಮದ್ದು ಎಲ್ಲಿ ಸಿಗ್ತದ? ನಮ್ಮ ಎತ್ತಿಗಿ ಬೇಕಾಗಿತ್ತು. ಕಬ್ಬಿನ ಗಾಡಿ ಎಳಿಯಾಕ ಒಲ್ಲೆ ಅಂತದ."

ಅಂಗಡಿ ಪೂರ್ತಿ ನಕ್ಕಿತು. ಚಹಾ ಸೋಸುತ್ತಿದ್ದವನೂ ಬೆನ್ನು ತಿರುಗಿಸಿಕೊಂಡು ನಕ್ಕ, ಹೆಗಲು ಕುಣಿಯುವುದು ಕಾಣುತ್ತಿತ್ತು. ಜಗದೇವನ ಬಲಗೈ ತಾನಾಗಿಯೇ ಮುಷ್ಟಿಯಾಯಿತು. ಈ ದವಡೆ ಒಂದೇ ಏಟಿನದು. ಆದರೆ ಯಾರದೋ ಮೊಬೈಲು ಆಗಲೇ ಅಂಗಿಯ ಜೇಬಿನಿಂದ ತಲೆ ಹೊರಗೆ ಹಾಕಿತ್ತು, ಕಾಗೆ ಕಾಯುವ ಹಾಗೆ ಕಾಯುತ್ತಿತ್ತು. ಮುಷ್ಟಿ ಬಿಚ್ಚಿ ಬಟ್ಟಲು ಎತ್ತಿಕೊಂಡ. ನಾಲಗೆ ಸುಟ್ಟಿತು. "ನಿಮ್ಮ ಎತ್ತು ಶಾಣ್ಯಾ ಅದರಿ," ಎಂದು ಹೇಳಿ ಎದ್ದ, ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಹೀಗೆ ಎಲ್ಲವನ್ನೂ ನುಂಗಿ ಹಿಂದೆ ಬರುವುದು ಅವನಿಗೆ ಅಫಜಲಪುರದಲ್ಲೇ ಅಭ್ಯಾಸವಾಗಿತ್ತು. ಸುದ್ದಿ ಬಂದ ವಾರ ಅಲ್ಲಿ ತನಗೆ ಕುಸ್ತಿ ಕಲಿಸಿದ ಉಸ್ತಾದ ಖಾದರಸಾಬನ ಹತ್ತಿರ ಓಡಿದ್ದ. ಬೇರೆ ಗರಡಿಯವರು ಯಾರ ಮಗ ಎಂದು ಕೇಳಿ ಹೊಸ್ತಿಲಲ್ಲೇ ನಿಲ್ಲಿಸಿದ್ದಾಗ, ಏನೂ ಕೇಳದೆ ಕೆಮ್ಮಣ್ಣಿಗೆ ಇಳಿಸಿದ ಮನುಷ್ಯ. ಆ ಮಣ್ಣಿನಲ್ಲಿ ಒಮ್ಮೆ ಹೊರಳಿದರೆ ಸಾಕು ಅನ್ನಿಸಿತ್ತು. ಮುದುಕ ಗರಡಿಯ ಬಾಗಿಲಿಗೇ ಬಂದು ಅಡ್ಡ ನಿಂತ, ಕಣ್ಣು ನೆಲದ ಮೇಲೆ. "ಬ್ಯಾಟಾ, ನಿನ್ನ ಮ್ಯಾಲ ನನಗ ಶಕ್ ಇಲ್ಲ. ಖರೇ ಹೇಳ್ತೇನಿ. ಆದ್ರ ಹುಡುಗರ ತಾಯಂದಿರು ಬಂದು ಕೇಳಾಕತ್ತಾರ, ನಿಮ್ಮಲ್ಲಿ ಏನ ತಿನಸ್ತೀರಿ ಅಂತ. ಸ್ವಲ್ಪ ದಿನ ಬರಬ್ಯಾಡ. ನಿನ್ನ ನಾಮ ಸಾಫ್ ಆಗ್ಲಿ, ನಾನೇ ಬಂದು ಕರಕೊಂಡ ಹೋಗ್ತೇನಿ." ಸಾಫ್. ಆ ಶಬ್ದವನ್ನು ಅವನು ಬಸ್ಸಿನ ಕಿಟಕಿಯಲ್ಲಿ ಕೂತು ಮನೆಯ ತನಕ ಅಗಿದಿದ್ದ. ಸಂಜೆ ನಾಲ್ಕಕ್ಕೆ ಅದು ಆಗಬಹುದು. ಅವ್ವನಿಗೆ ಹೇಳಿದರೆ ಸಾಕು.

ಹೇಳಿಯೇ ತೀರುತ್ತೇನೆಂದು ದಾಪುಗಾಲು ಹಾಕಿ ಮನೆಗೆ ಬಂದ. ಅವ್ವ ಅಂಗಳದಲ್ಲಿ ಕಾಲು ಚಾಚಿ ಕೂತಿದ್ದಳು. ಕಾಲುಗಳ ನಡುವೆ ಜೀನತಳ ಕೂಸು. ಪಕ್ಕದ ಮನೆಯ ಶರೀಫಾಬಿಯ ಮಗಳು ಜೀನತ, ಬಾಣಂತನಕ್ಕೆ ತವರಿಗೆ ಬಂದವಳು, ಹಂಡೆಯ ನೀರು ತೋಡಿ ಕೊಡುತ್ತಿದ್ದಳು. ಅವ್ವನ ಗಂಟು ಬೆರಳುಗಳು ಕೂಸಿನ ಎಣ್ಣೆ ಬೆನ್ನ ಮೇಲೆ ಜಾರುತ್ತಿದ್ದವು, ತೋಳು ಎಳೆಯುತ್ತಿದ್ದವು, ಮೂಗು ತೀಡುತ್ತಿದ್ದವು. "ಯಾರ ಇವ? ಕುಸ್ತಿ ಹಿಡಿಯಾವ? ಯಾರಿಗಿ ಕೆಡವ್ತಿ ಯಪ್ಪಾ, ಜಗದೇವ ಮಾಮಾಗ ಕೆಡವ್ತೀ?" ಕೂಸು ಅಳಲಿಲ್ಲ, ಕೇಕೆ ಹಾಕಿತು. ಜೀನತ ಅವನನ್ನು ನೋಡಿ ಸೆರಗು ಸರಿಮಾಡಿಕೊಂಡು, "ನಮ್ಮವ್ವ ಎರದ್ರ ಊರ ಮುಳುಗೂವಂಗ ಅಳ್ತಾನ ಅಣ್ಣಾ. ಕಾಕಿ ಕೈಯಾಗ ಏನ ಅದನೋ," ಎಂದಳು. ಅವ್ವ ತಲೆ ಎತ್ತಲಿಲ್ಲ. ಆದರೆ ಅವಳ ಮುಖ ಅರಳಿದ್ದು ಅವನಿಗೆ ಕಂಡಿತು.

ಈ ಕೈಗೆ ಊರು ಮಗು ಕೊಟ್ಟದ್ದು ಈಗೀಗ. ಅವನಿಗಿಂತ ಸಣ್ಣವನೊಬ್ಬ ತಮ್ಮ ಇದ್ದ. ಜ್ವರ ಬಂದಾಗ ಅವ್ವ ಯಾವುದೋ ಎಲೆಯ ರಸ ಹಿಂಡಿ ಕುಡಿಸಿದಳು, ಬೆಳಗಾಗುವುದರೊಳಗೆ ಹೋಗಿಬಿಟ್ಟ. ಜ್ವರಕ್ಕೇ ಹೋದನೋ ಏನೋ, ಯಾರು ಬಲ್ಲರು. ಊರಿನ ಹೆಂಗಸರಿಗೆ ಮಾತ್ರ ಗೊತ್ತಿತ್ತು: ಸಾಬವ್ವನ ಕೈಗುಣ ಚಲೋ ಇಲ್ಲ. ಅಲ್ಲಿಂದ ಅವಳನ್ನು ಯಾರೂ ಕೂಸಿಗೆ ಎರೆಯಲು ಕರೆಯಲಿಲ್ಲ, ಮದುವೆ ಮನೆಯಲ್ಲಿ ಅಕ್ಕಿ ಆರಿಸಲು ಕೂತರೆ ನೀ ಏಳು ಎಂದು ಬಾಯಿಬಿಟ್ಟು ಹೇಳದೆ ಮೊರವನ್ನು ಮೆಲ್ಲಗೆ ಆಚೆ ಎಳೆದುಕೊಳ್ಳುತ್ತಿದ್ದರು. ಅವಳು ಸೆರಗಿನೊಳಗೆ ಕೈ ಅಡಗಿಸಿಕೊಂಡು ನಿಲ್ಲುವುದನ್ನು ನೋಡುತ್ತಲೇ ಅವನು ಬೆಳೆದದ್ದು. ಮಗ ಪಟ್ಟಿ ಗೆದ್ದು ಬಂದು, ಟಿವಿಯಲ್ಲಿ ಅವ್ವನ ಉಂಡಿ ಎಂದ ಮೇಲೆಯೇ ಹೆಂಗಸರು ಒಬ್ಬೊಬ್ಬರಾಗಿ ಬಂದರು, ಅಂಟು ಎಷ್ಟು ಹುರಿಯಬೇಕು, ಉತ್ತತ್ತಿ ಎಷ್ಟು ಎಂದು ಕೇಳಿದರು. ಶರೀಫಾಬಿ ಮೊಮ್ಮಗನನ್ನು ಉಡಿಯಲ್ಲಿ ಹಾಕಿ, ನಿನ್ನ ಕೈ ಹತ್ಲಿ ಎಂದಳು. ಮದ್ದಿನ ಸುದ್ದಿ ಬಂದಾಗ ಊರು ಅವನನ್ನು ಕೈಬಿಟ್ಟಿತೇ ಹೊರತು ಉಂಡಿಯನ್ನು ಬಿಡಲಿಲ್ಲ, ತಪ್ಪು ಮಗನದು, ಪಾಪ ತಾಯಿ ಏನು ಮಾಡಿಯಾಳು ಎಂದಿತು. ಈಗ ಹೋಗಿ ಹೇಳುವುದು ಏನನ್ನು? ಅವ್ವಾ, ಆ ಎಲೆಯ ರಸ, ಈ ಬಿಳಿ ಪುಡಿ, ಎರಡೂ ನಿನ್ನ ಕೈಯವೇ. ಕೂಸಿನ ತಲೆಯ ಮೇಲೆ ಅವ್ವ ನೀರು ಸುರಿದಳು. ಅವನು ಒಳಗೆ ಹೋಗಿ ಕಾಲರಿನ ಅಂಗಿ ಹುಡುಕಿದ.

ನಾಲ್ಕು ಗಂಟೆಗೆ ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು ಕೂತಾಗಲೂ ಅವನು ತೀರ್ಮಾನಿಸಿದ್ದದ್ದು ನಿಜ ಹೇಳುವುದೆಂದೇ. ಕೂಸನ್ನು ಕಂಡ ಮರುಕ ಮಧ್ಯಾಹ್ನದ ಹೊತ್ತಿಗೆ ಆರಿತ್ತು, ನಾಲ್ಕು ವರ್ಷ ಎಂಬುದು ಎದೆಯ ಮೇಲೆ ಕೂತಿತ್ತು. ಪರದೆಯ ಮೇಲೆ ದೆಹಲಿಯ ಮೂರು ಮುಖ, ಟೈ ಕಟ್ಟಿದ ಒಬ್ಬ ಆಕಳಿಸುತ್ತಿದ್ದ. ಇಂಗ್ಲಿಷಿನಲ್ಲಿ ಬಹಳ ಹೊತ್ತು ಏನೇನೋ ನಡೆಯಿತು, ತನ್ನ ಹೆಸರು ಮಾತ್ರ ಆಗಾಗ ತಪ್ಪು ತಪ್ಪಾಗಿ ಕೇಳಿಸುತ್ತಿತ್ತು. ಕೊನೆಗೆ ವಿದ್ಯಾವತಿ ಕನ್ನಡಕ್ಕೆ ತಿರುಗಿದಳು. "ಜಗದೇವ ಅವರೇ, ಆ ವಸ್ತು ನಿಮ್ಮ ದೇಹಕ್ಕ ಹೆಂಗ ಸೇರಿತು ಅಂತ ಕೇಳಾಕತ್ತಾರ. ನೀವು ಹೇಳ್ರಿ, ಆಮೇಲೆ ನಿಮ್ಮ ತಾಯಿಯವರನ್ನ ಕರೀರಿ. ಮನ್ಯಾಗ ಅದಾರಲ್ಲ?" ಅವನು ಬಾಯಿ ತೆರೆದ. ತೆರೆದಾಗ ಅವನ ಕಣ್ಣ ಮುಂದೆ ಬಂದದ್ದು, ಹೇಳಲು ನಾಚಿಕೆ, ಅವ್ವ ಅಲ್ಲ. ನಾಳೆಯ ಟಿವಿ. ಭೀಮೆಯ ಹುಲಿಗೆ ತಾಯಿ ಬೆಲ್ಲದಲ್ಲಿ ಔಷಧ ಕೊಟ್ಟಳಂತೆ. ವಾದ್ಯ ಕೂಡಿಸಿ, ಜೋಗುಳ ಕೂಡಿಸಿ. ಕಳ್ಳ ಎಂದರೆ ಮಂದಿ ಹೆದರಿಯಾದರೂ ದೂರ ನಿಲ್ಲುತ್ತಾರೆ, ಇದಕ್ಕೆ ಹತ್ತಿರ ಬಂದು ಗಲ್ಲ ಹಿಂಡುತ್ತಾರೆ. ಅವ್ವನಿಗಾಗಿಯೋ, ಈ ಹಾಳು ಜಂಬಕ್ಕಾಗಿಯೋ, ಯಾವುದು ಯಾವುದರ ಮರೆಯಲ್ಲಿ ನಿಂತಿತ್ತೋ ಅವನಿಗೇ ತಿಳಿಯಲಿಲ್ಲ.

"ನಾನೇ ತಗೊಂಡೇನಿ," ಎಂದ. "ಗೊತ್ತಿದ್ದೇ ತಗೊಂಡೇನಿ."

ವಿದ್ಯಾವತಿ ಅನುವಾದಿಸಲಿಲ್ಲ. "ಏನಂದ್ರಿ? ನೆಟ್‌ವರ್ಕ್ ಸರಿ ಇಲ್ಲ ಕಾಣಸ್ತದ. ಮತ್ತೊಮ್ಮೆ ವಿಚಾರ ಮಾಡಿ ಹೇಳ್ರಿ."

"ಕಾಲ ನೋವಿತ್ತು. ಗೆಲ್ಲಬೇಕಿತ್ತು. ಮುಂಬಯಿದಾಗ ತಗೊಂಡೇನಿ. ಯಾರೂ ಕೊಟ್ಟಿಲ್ಲ." ಹೇಳುತ್ತಿದ್ದ ಹಾಗೆ ಅದು ಸುಳ್ಳೆಂದೇ ಅನ್ನಿಸಲಿಲ್ಲ, ಹೊಟ್ಟೆಗೆ ಹೋದದ್ದಂತೂ ತನ್ನ ಹೊಟ್ಟೆಗೇ ತಾನೆ. ಒಂದು ಕ್ಷಣ ಹಗುರವೂ ಆಯಿತು. ವಿದ್ಯಾವತಿ ಕೊನೆಗೂ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಟೈ ಕಟ್ಟಿದವ ಎಚ್ಚರಗೊಂಡು ಏನೋ ಬರೆದುಕೊಂಡ. ಪರದೆ ಕಪ್ಪಾಯಿತು. ಆ ಕಪ್ಪಿನಲ್ಲಿ ಬೆನ್ನ ಹಿಂದಿನ ಬಾಗಿಲು ಮೂಡಿತ್ತು, ಬಾಗಿಲಲ್ಲಿ ಚಹಾದ ಲೋಟ ಹಿಡಿದ ಅವ್ವ.

ಅವಳು ಲೋಟವನ್ನು ನೆಲಕ್ಕಿಟ್ಟು ಗೋಡೆಗೆ ಒರಗಿ ಕೂತಳು. ದಿನಾ ಬೆಳಿಗ್ಗೆ ಊರು ಕೇಳುವ ಹಾಗೆ ಕೂಗುವ ಹೆಂಗಸಿನ ಬಾಯಿಂದ ಸಣ್ಣ ದನಿ ಬಂತು. "ಖರೇ ಏನೋ?"

"ಹ್ಞೂ."

"ಹಂಗಾದ್ರ ನನ್ನ ಉಂಡಿಯಿಂದ ಗೆದ್ದಿಲ್ಲ ನೀ."

ಆ ಉಂಡಿಯ ಹೆಸರು ಉಳಿಸಲಿಕ್ಕೇ ಅಲ್ಲವೇ ಇಷ್ಟೆಲ್ಲ! ತಲೆಯ ಮೇಲೆ ನಾಲ್ಕು ವರ್ಷ ಹೊತ್ತದ್ದು, ಉಸ್ತಾದನ ಬಾಗಿಲು ಮುಚ್ಚಿಕೊಂಡದ್ದು! "ನಿನ್ನ ಉಂಡಿಯಿಂದಲೇ ಗೆದ್ದೇನಿ ಅವ್ವಾ," ಎಂದು ಕೂಗಿದ. "ನಿನ್ನಾಣಿ. ನಿನ್ನ ಉಂಡಿಯಿಂದಲೇ."

"ಸಾಕು ಬಿಡು," ಎಂದಳು ಅವ್ವ. "ನನಗರೆ ಸುಳ್ಳ ಹೇಳಬ್ಯಾಡ." ಇಡೀ ದಿನದಲ್ಲಿ ಅವನು ಆಡಿದ ನಿಜ ಅದೊಂದೇ ಆಗಿತ್ತು.

ದೀಪ ಹಚ್ಚುವ ಹೊತ್ತಿಗೆ ಅವಳು ಎದ್ದಳು. ಅವನು ಅಂಗಳದ ಕಟ್ಟೆಯ ಮೇಲೆ ಮೊಣಕಾಲು ಹಿಡಿದು ಕೂತಿದ್ದ. ಅವ್ವ ಒಳಗಿನಿಂದ ಬಂದಾಗ ಒಂದು ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ, ಇನ್ನೊಂದು ಕೈಯಲ್ಲಿ ಕೆಂಡ ತುಂಬಿದ ಹಂಚಿನ ಚೂರು. ಬುದ್ಧವಿಹಾರಕ್ಕೆ ಹೋಗುವ ಮನೆ ಇದು, ಇವೆಲ್ಲ ನಮ್ಮದಲ್ಲ ಎಂದು ಹುಲೆಪ್ಪ ಬದುಕಿದ್ದಾಗ ಗದರುತ್ತಿದ್ದ. "ಬ್ಯಾಡವ್ವಾ," ಎಂದ ಜಗದೇವ. "ಸುಮ್ಮ ಕೂಡು," ಎಂದಳು. "ದಿನಾ ಮುಂಜಾನೆ ಏನ ಅಂದೇನಿ ನಾ, ಆ ಕೈಗಿ ಹುಳಾ ಬೀಳ್ಲಿ ಅಂತ. ನಿನಗೇ ಅಂದಂಗಾತಲ್ಲೋ. ಹಡದಾಕಿ ಮಾತು ಹುಸಿ ಹೋಗೂದಿಲ್ಲ." ಅವಳ ಮುಷ್ಟಿ ಅವನ ತಲೆಯಿಂದ ಕಾಲಿನ ತನಕ ಇಳಿಯಿತು, ಮೊಣಕಾಲಿನ ಹತ್ತಿರ ತಡೆದು ನಿಂತಿತು, ಮತ್ತೆ ಮೇಲೇರಿತು. "ನನ್ನ ಮಗಗ ಹಾಕಿದ್ದ ಶಾಪ ನನ್ನ ಮಗಗ ಹತ್ತಬ್ಯಾಡ. ಅಂದಾಕಿ ನಾ, ನನಗ ಬರ್ಲಿ. ಆ ಹುಳಾ ಈ ಕೈಗೇ ಬೀಳ್ಲಿ. ಈ ಕೈಗೇ." ಅವನು ಆ ಕೈಯನ್ನು ಹಿಡಿಯಲು ಹೋದ. ಪಂಜರದಲ್ಲಿ ಎಂಥೆಂಥವರ ಕೈ ತಿರುವಿದವನಿಗೆ ಗಂಟುಗಟ್ಟಿದ ಆ ಮುದಿ ಮುಷ್ಟಿಯನ್ನು ಹಿಡಿದು ನಿಲ್ಲಿಸಲು ಆಗಲಿಲ್ಲ. ಅವಳು ಉಪ್ಪು, ಮೆಣಸಿನಕಾಯಿಗಳನ್ನು ಕೆಂಡಕ್ಕೆ ಸುರಿದಳು. ಚಟಚಟ ಸಿಡಿದು ಘಾಟು ಎದ್ದಿತು, ಇಬ್ಬರೂ ಕೆಮ್ಮಿದರು, ಇಬ್ಬರ ಕಣ್ಣಲ್ಲೂ ನೀರು ಬಂತು.

ಘಾಟು ಗೋಡೆ ದಾಟಿತ್ತು. ಜೀನತ ಕೂಸನ್ನು ಎತ್ತಿಕೊಂಡು ಬಂದಳು. "ಕಾಕಿ, ಹೆಂಗೂ ಕೆಂಡ ಹಾಕೀರಿ, ನಮ್ಮವಗೂ ಒಂದೀಟು ನಿವಾಳಸ್ರಿ. ಮಧ್ಯಾಹ್ನದಿಂದ ಹಾಲು ಕುಡಿವಲ್ಲ." ಹೇಳುತ್ತಲೇ ಕೂಸನ್ನು ಮುಂದೆ ಚಾಚಿದಳು. ಅದು ಸಾಬವ್ವನ ಗುರುತು ಹಿಡಿದು ಕೇಕೆ ಹಾಕಿ ಎರಡೂ ತೋಳು ತೆರೆಯಿತು. ಅವ್ವ ಒಂದು ಹೆಜ್ಜೆ ಹಿಂದೆ ಸರಿದಳು. ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡಳು.

"ಒಯ್ಯಿ ಯವ್ವಾ," ಎಂದಳು. "ನಾಳಿಂದ ನಿಮ್ಮವ್ವನ ಕಡಿಂದನೇ ಎರಿಸ್ಕೋ. ನನ್ನ ಕೈಗುಣ ಚಲೋ ಇಲ್ಲ."